ಟೆಂಟ್ ಸಿನಿಮಾ ಹಲಗೆಯಿಂದ ಹಳೆ ಪೋಸ್ಟರ್ ಬಿಡಿಸಿದ್ದು: ನನ್ನ ಅನುಭವ

ಒಂದರ ಮೇಲೊಂದು ಅಂಟಿಸಿ ಕಲ್ಲಿನಂತೆ ಗಟ್ಟಿಯಾದ ಪೋಸ್ಟರ್ ಹಲಗೆಯನ್ನು ಬಿಡಿಸಬಹುದು. ಒಳಗಿನ ಹಾಳೆ ಹರಿಯದೆ, ಬಣ್ಣ ಹೋಗದೆ ಹೊರಗೆ ಬರುತ್ತದೆ. ಈ ಮಾತು ಹೇಳಿದಾಗ ಸಂಗ್ರಹ ಮಾಡುವ ಗೆಳೆಯರು ಯಾರೂ ನಂಬಲಿಲ್ಲ. "ಅದು ಗುಜರಿ ಮಾಲು, ತೂಕಕ್ಕೆ ಹಾಕಿ ಸುಮ್ನಿರು" ಎಂದರು. ಮುಂಬೈಯಲ್ಲಿ ಹಿಂದಿ ಪೋಸ್ಟರ್ ವ್ಯಾಪಾರ ಮಾಡುವ ಹಿರಿಯರೊಬ್ಬರು, "ಒಂದು ಉಳಿಸೋಕೆ ಹೋಗಿ ಹತ್ತು ಹಾಳು ಮಾಡ್ತೀರಿ" ಎಂದು ನನ್ನೆದುರೇ ಹೇಳಿದರು. ಈಗ ಹೀಗೆ ಬಿಡಿಸಿದ ಪೋಸ್ಟರ್‌ಗಳು ನನ್ನ ಬಳಿ ನೂರು ದಾಟಿವೆ. ಕಲ್ಯಾಣ್ ಕುಮಾರ್, ಉದಯಕುಮಾರ್, ಲೀಲಾವತಿ, ಜಯಂತಿ ಎಲ್ಲರೂ ಇದ್ದಾರೆ. ಕಲ್ಪನಾ ಅವರದೇ ಒಂದು ಕಟ್ಟು ಇದೆ. ನಂಬದವರಲ್ಲಿ ಇಬ್ಬರು ಮನೆಗೆ ಬಂದು ನೋಡಿ ಹೋದರು. ಒಬ್ಬರು ಈಗ ತಾವೇ ಹಲಗೆ ಹುಡುಕುತ್ತಿದ್ದಾರೆ.

ಬಿಡಿ ಪೋಸ್ಟರ್ ಬೆಲೆ ನಿಮಗೆಲ್ಲ ಗೊತ್ತಿದೆ. ಅರವತ್ತರ ದಶಕದ ರಾಜ್‌ಕುಮಾರ್ ಪೋಸ್ಟರ್, ಅದೂ ಮೊದಲ ಬಿಡುಗಡೆಯದು ಎಂದರೆ ಬಾಯಿಗೆ ಬಂದ ರೇಟು. ನನಗೆ 8,000ದಿಂದ 25,000 ರೂಪಾಯಿವರೆಗೂ ಹೇಳಿದ್ದಾರೆ. ಅದರಲ್ಲೂ ಸ್ಕ್ಯಾನ್ ಮಾಡಿ, ಹೊಸದಾಗಿ ಪ್ರಿಂಟ್ ಹಾಕಿ, ಟೀ ನೀರಲ್ಲಿ ಅದ್ದಿ ಹಳದಿ ಮಾಡಿದವು ಬೇಕಾದಷ್ಟಿವೆ. ಹಲಗೆಯಲ್ಲಿ ಆ ಮೋಸಕ್ಕೆ ಜಾಗವೇ ಇಲ್ಲ. ಹದಿನೈದು ಹಾಳೆಯ ಅಡಿ ಹೂತ ಪೋಸ್ಟರನ್ನು ಯಾರೂ ನಕಲು ಮಾಡಿ ಸೇರಿಸಿರುವುದಿಲ್ಲ.

ಎಲ್ಲ ಹಲಗೆಯೂ ಕೊಳ್ಳಲು ಯೋಗ್ಯವಲ್ಲ. ಬಸ್ ಸ್ಟ್ಯಾಂಡ್ ಗೋಡೆ, ಸಂತೆ ಮೈದಾನದ ತಟ್ಟಿ, ಇವೆಲ್ಲ ಬಿಸಿಲು ಮಳೆ ಕುಡಿದವು. ಒಳಗೆ ಕಾಗದವೇ ಉಳಿದಿರುವುದಿಲ್ಲ. ನನಗೆ ಬೇಕಾದದ್ದು ಟಿಕೆಟ್ ಕೌಂಟರ್ ಪಕ್ಕದ, ಸೂರಿನ ಕೆಳಗಿನ ಹಲಗೆ. 'ಇಂದಿನಿಂದ', 'ಮುಂದಿನ ಚಿತ್ರ' ಎಂದು ಬರೆದಿರುತ್ತಿದ್ದರಲ್ಲ, ಅದೇ. ತಿಪಟೂರು, ಅರಸೀಕೆರೆ, ಕಡೂರು ಕಡೆ ಟೂರಿಂಗ್ ಟಾಕೀಸ್ ನಡೆಸಿದ ಮನೆಗಳ ಅಟ್ಟ, ಕೊಟ್ಟಿಗೆ ಹುಡುಕಿದರೆ ಇನ್ನೂ ಸಿಗುತ್ತವೆ. ಕೆಲವರು ಕೋಳಿಗೂಡಿಗೆ ಬಾಗಿಲು ಮಾಡಿಕೊಂಡಿದ್ದಾರೆ. ಮೂಲೆಯನ್ನು ಉಗುರಿನಿಂದ ಎತ್ತಿ ನೋಡಿ. ಪದರಗಳು ಒಂದೊಂದಾಗಿ ಕಂಡರೆ ತೆಗೆದುಕೊಳ್ಳಿ. ಮೂಲೆ ಬಿಸ್ಕತ್ತಿನಂತೆ ಪುಡಿಯಾದರೆ ಬಿಟ್ಟು ಬನ್ನಿ.

ಮೊದಲ ಎರಡು ವರ್ಷ ಬರೀ ನಷ್ಟ. ಕೆಟಲ್ ಹಬೆ ಹಿಡಿದೆ. ಅಂಚು ನೆನೆಯಿತು, ನಡುಭಾಗ ಒಣಗಿಯೇ ಇತ್ತು, ಎಳೆದ ಕೂಡಲೇ ಹಾಳೆ ಅಡ್ಡಕ್ಕೆ ಸೀಳಿತು. ಇಡೀ ಕಟ್ಟನ್ನು ತೊಟ್ಟಿಯಲ್ಲಿ ಮುಳುಗಿಸಿದೆ. ಆ ಕಾಲದ ಪೋಸ್ಟರ್ ಕಾಗದ ಅಗ್ಗದ್ದು, ಬೆಳಗ್ಗೆ ನೋಡಿದರೆ ಅರ್ಧ ಕಟ್ಟು ಮುದ್ದೆ. ಚಾಕುವಿನಿಂದ ಒಣಗಿದ್ದಾಗಲೇ ಸೀಳಲು ನೋಡಿದೆ. ಮುಖ ಒಂದು ಹಾಳೆಯಲ್ಲಿ ಉಳಿದರೆ ಹೆಸರು ಇನ್ನೊಂದಕ್ಕೆ ಅಂಟಿಕೊಂಡು ಬಂತು. ಹಲಗೆ, ಟೆಂಪೊ ಬಾಡಿಗೆ, ಓಡಾಟ ಎಲ್ಲ ಸೇರಿ 60-70 ಸಾವಿರ ಹೋಗಿರಬೇಕು. ಕೈಗೆ ಬಂದ ಇಡೀ ಪೋಸ್ಟರ್‌ಗಳು ಬೆರಳೆಣಿಕೆಯಷ್ಟು. ಮನೆಯಲ್ಲಿ ಮಾತು ಕೇಳಬೇಕಾಯಿತು.

ದಾರಿ ತೆರೆದದ್ದು ಅಂಟಿನ ಬಗ್ಗೆ ಯೋಚಿಸಿದಾಗ. ಅದು ಫೆವಿಕಾಲ್ ಅಲ್ಲ, ಮೈದಾ ಅಂಟು, ಅಂದರೆ ಗಂಜಿಯೇ. ಗಂಜಿ ಬಿಡಿಸಲು ಗೊತ್ತಿರುವವರು ಯಾರು? ನೇಕಾರರು. ಮಗ್ಗಕ್ಕೆ ಹಾಕುವ ಮೊದಲು ನೂಲಿಗೆ ಗಂಜಿ ಹಾಕುತ್ತಾರೆ, ಬಣ್ಣಕ್ಕೆ ಹೋಗುವ ಮೊದಲು ಅದನ್ನು ಬಟ್ಟೆಯಿಂದ ತೆಗೆಯುತ್ತಾರೆ. ಅದಕ್ಕೆ ಬಳಸುವುದು ಅಮೈಲೇಸ್ ಎಂಬ ಕಿಣ್ವ. ನಮ್ಮ ಎಂಜಲಿನಲ್ಲಿ ಇರುವುದೂ ಅದೇ ಜಾತಿಯದು. ದೊಡ್ಡಬಳ್ಳಾಪುರದಲ್ಲಿ ಬಣ್ಣ, ಕೆಮಿಕಲ್ ಮಾರುವ ಅಂಗಡಿಯಲ್ಲಿ ಕೇಳಿದೆ, ಡಬ್ಬಿ ಎತ್ತಿಕೊಟ್ಟರು. ಕೆಲವು ನೂರು ರೂಪಾಯಿ. ಒಂದು ಡಬ್ಬಿ ವರ್ಷವಿಡೀ ಬರುತ್ತದೆ. ಯಾವ ಮಾರ್ಕು, ನೀರಿಗೆ ಎಷ್ಟು, ಜೊತೆಗೆ ಇನ್ನೇನು ಚಿಟಿಕೆ ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ತುಂಬಾ ಹಲಗೆ ಕಳೆದುಕೊಂಡಿದ್ದೇನೆ.

ಆಮೇಲೂ ಒಂದು ಕಗ್ಗಂಟು. ಒಂದೇ ಹಲಗೆಯಲ್ಲಿ ಐದು ಪದರ ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿದ್ದವು, ಆರನೆಯದು ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ. ಕಾರಣ ತಿಳಿದದ್ದು ಟೆಂಟಿಗೆ ಪೋಸ್ಟರ್ ಅಂಟಿಸುತ್ತಿದ್ದ ಹಿರಿಯರೊಬ್ಬರಿಂದ. "ಹುಳ ಹಿಡೀಬಾರ್ದು ಅಂತ ಮೈಲುತುತ್ತ ಹಾಕಿ ಕುದಿಸ್ತಿದ್ವಿ ಸ್ವಾಮಿ, ಇದ್ದಾಗ ಹಾಕ್ತಿದ್ವಿ, ಇಲ್ದಾಗ ಇಲ್ಲ" ಎಂದರು. ಮೈಲುತುತ್ತ ಎಂದರೆ ಕಾಪರ್ ಸಲ್ಫೇಟ್. ತಾಮ್ರ ಸಿಕ್ಕಿದರೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಎಂಜಲು ಮತ್ತು ಗಂಜಿಯ ಪ್ರಯೋಗ ಮಾಡಿದವರಿಗೆ ಇದು ನೆನಪಿರಬಹುದು. ಈಗ ಅಂಚಿನಲ್ಲಿ ನೀಲಿ-ಹಸಿರು ಛಾಯೆ ಕಂಡರೆ ಕಿಣ್ವ ಮುಟ್ಟುವುದಿಲ್ಲ. ಬರೀ ತೇವದಲ್ಲೇ ಇನ್ನಷ್ಟು ಹೊತ್ತು ಬಿಡುತ್ತೇನೆ. ನಿಧಾನ, ಆದರೆ ಬರುತ್ತದೆ.

ಈಗ ಮಾಡುವುದು ಹೀಗೆ. ಪ್ಲೈವುಡ್ ಪೆಟ್ಟಿಗೆ, ಒಳಗೆ ಟಾರ್ಪಾಲ್. ತಳದಲ್ಲಿ ಒದ್ದೆ ಗೋಣಿ, ಅದರ ಮೇಲೆ ಬಿದಿರಿನ ಜಾಲರಿ, ಜಾಲರಿಯ ಮೇಲೆ ಹಲಗೆ. ನೀರು ಹಾಳೆಗೆ ನೇರವಾಗಿ ತಾಗಬಾರದು, ಹೊಗಬೇಕಾದದ್ದು ತೇವದ ಗಾಳಿ ಮಾತ್ರ. 300 ರೂಪಾಯಿಯ ಒಂದು ತೇವ ಅಳೆಯುವ ಮೀಟರ್ ಒಳಗಿಟ್ಟರೆ ಒಳ್ಳೆಯದು. ಅದು ಶೇಕಡಾ 90 ದಾಟಿ ಹೆಚ್ಚುಕಡಿಮೆ ಒಂದೂವರೆ ದಿನ ನಿಂತರೆ ಕಟ್ಟು ಸಡಿಲವಾಗುತ್ತದೆ. ಎರಡು ದಿನ ದಾಟಿಸಿದರೆ ಬೂಷ್ಟು ಬರುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಜನವರಿಯಿಂದ ಏಪ್ರಿಲ್ ಸರಿ, ಬಿಡಿಸಿದ್ದು ಬೇಗ ಒಣಗುತ್ತದೆ.

ಮೇಲಿನ ಹಾಳೆಯಿಂದಲೇ ಶುರು. ಉಗುರುಬೆಚ್ಚಗಿನ ಕಿಣ್ವದ ನೀರನ್ನು ಮೆತ್ತನೆಯ ಬ್ರಷ್‌ನಲ್ಲಿ ಅಂಚಿನ ಸಂದಿಗೆ ಬಿಡಬೇಕು. ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಬಿಸಿನೀರಿನ ಚೀಲ. ಕುದಿಯುವ ನೀರು ಬೇಡ, ಕಿಣ್ವ ಸಾಯುತ್ತದೆ. ಕಾಲು ಗಂಟೆಯಲ್ಲಿ ಅಂಚು ಜಾರತೊಡಗುತ್ತದೆ. ಆಗ ಎಲ್ಲರೂ ಮಾಡುವುದು ಎಳೆಯುವುದು. ಎಳೆಯಬಾರದು, ಸುತ್ತಬೇಕು. ಟೈಲರ್‌ಗಳು ಕಾಲರಿಗೆ ಹಾಕುವ, ಗೋಂದಿಲ್ಲದ ತೆಳು ಕ್ಯಾನ್ವಾಸನ್ನು ಒದ್ದೆ ಮಾಡಿ ಪೋಸ್ಟರ್ ಮುಖಕ್ಕೆ ಹಾಸುತ್ತೇನೆ. ನಾಲ್ಕು ಇಂಚಿನ ಪಿವಿಸಿ ಪೈಪಿಗೆ ಎರಡನ್ನೂ ಸೇರಿಸಿ ಸುತ್ತುತ್ತಾ ಹೋಗುತ್ತೇನೆ. ಪೈಪು ಮುಂದೆ ಉರುಳಿದಷ್ಟು ಸಂದಿಗೆ ಬ್ರಷ್. 30 ಇಂಚು ಅಗಲ, 40 ಇಂಚು ಉದ್ದದ ಹಾಳೆಗೆ ಒಂದು ಗಂಟೆ, ಕೆಲವಕ್ಕೆ ಮೂರು ಗಂಟೆ. ಮರಕ್ಕೇ ಅಂಟಿದ ಕೊನೆಯ ಹಾಳೆಯಲ್ಲಿ ನನಗೆ ಈಗಲೂ ಅರ್ಧಕ್ಕರ್ಧ ಸೋಲು. ಮರದ ಕಲೆ ಇಳಿದಿರುತ್ತದೆ, ಮೊಳೆಯ ತುಕ್ಕು ತೂತು ಮಾಡಿರುತ್ತದೆ.

ಬಿಡಿಸಿದ ಮೇಲೆ ಬೆನ್ನಿನ ಅಂಟನ್ನು ಸ್ಪಂಜಿನಲ್ಲಿ ಶುದ್ಧ ನೀರಿನಿಂದ ಒರೆಸಿ, ಕಿಣ್ವ ಪೂರ್ತಿ ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಬ್ಲಾಟಿಂಗ್ ಪೇಪರ್ ನಡುವೆ ಒಣಗಿಸಿ, ಚೆನ್ನಾಗಿ ತೊಳೆದ ಮಲ್ ಬಟ್ಟೆಗೆ ಗೋಧಿ ಪಿಷ್ಟದ ಅಂಟಿನಿಂದ ಕೂರಿಸಬೇಕು. ಅಚ್ಚಿನ ಶಾಯಿ ಎಣ್ಣೆಯದು, ನೀರಿಗೆ ಅಲ್ಲಾಡುವುದಿಲ್ಲ. ಅಪಾಯ ಇರುವುದು ಊರಿನ ಪ್ರೆಸ್ಸಿನಲ್ಲಿ ಗುಲಾಬಿ, ಹಳದಿ ಕಾಗದದ ಮೇಲೆ ಅಚ್ಚು ಹಾಕಿ ಅಂಟಿಸಿದ ಟಾಕೀಸಿನ ಪಟ್ಟಿಯಲ್ಲಿ. ಆ ಕಾಗದದ ಬಣ್ಣ ಬಿಡುತ್ತದೆ. ಒಂದು ಪಟ್ಟಿಯಿಂದ ಪಂಡರಿಬಾಯಿ ಅವರ ಮುಖವೆಲ್ಲ ಗುಲಾಬಿಯಾಯಿತು. ಈಗ ಮೊದಲು ಪಟ್ಟಿ, ಆಮೇಲೆ ಪೋಸ್ಟರ್. ಪಟ್ಟಿಯನ್ನೂ ಎಸೆಯುವುದಿಲ್ಲ, ಅದರಲ್ಲಿ ಊರು, ಆಟದ ಸಮಯ ಇರುತ್ತದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಮೊಳಕೆ ಬಂದ ರಾಗಿಯಲ್ಲಿ ಅಮೈಲೇಸ್ ಜಾಸ್ತಿ. ಮಕ್ಕಳ ರಾಗಿ ಸರಿ ತೆಳ್ಳಗಾಗುವುದೂ ಅದರಿಂದಲೇ. ರಾಗಿ ಮೊಳಕೆ ಅರೆದು, ಸೋಸಿ, ಆ ನೀರು ಹಾಕಿ ನೋಡಿದೆ. ಅಂಟು ಬಿಟ್ಟಿತು, ನಿಜವಾಗಿಯೂ ಬಿಟ್ಟಿತು. ಆದರೆ ಕಂದು ಕಲೆ ಉಳಿಯಿತು. ನಾಲ್ಕು ಪದರ ಬಟ್ಟೆಯಲ್ಲಿ ಸೋಸಿದರೂ ಹೋಗಲಿಲ್ಲ. ಕಲೆಯಿಲ್ಲದಂತೆ ಯಾರಾದರೂ ಮಾಡಿದರೆ ಡಬ್ಬಿಯ ಖರ್ಚೂ ಉಳಿಯುತ್ತದೆ. ಇನ್ನೊಂದು, ಸುಣ್ಣದ ತಿಳಿನೀರು. ಕಾಗದದ ಹುಳಿ (ಆಮ್ಲ) ಕಡಿಮೆ ಮಾಡಲು ಇದು ಒಳ್ಳೆಯದು, ಕಪ್ಪು-ಕೆಂಪು ಅಚ್ಚಿನ ಪೋಸ್ಟರ್‌ಗೆ ಈಗಲೂ ಮಾಡುತ್ತೇನೆ. ಆದರೆ ಹಳೆಯ ಅಚ್ಚಿನ ಒಂದು ಬಗೆಯ ಗಾಢ ನೀಲಿ ಸುಣ್ಣಕ್ಕೆ ಕಂದಾಗುತ್ತದೆ. ಪ್ರಷ್ಯನ್ ಬ್ಲೂ ಎನ್ನುತ್ತಾರಲ್ಲ, ಅದು. ಪೌರಾಣಿಕ ಚಿತ್ರಗಳ ಪೋಸ್ಟರ್‌ನಲ್ಲಿ ಆಕಾಶ, ದೇವರ ಮೈ ಎಲ್ಲ ನೀಲಿ ಅಲ್ವಾ? ಅವನ್ನು ಸುಣ್ಣದ ಹತ್ತಿರ ತರಬೇಡಿ.

ಪೋಸ್ಟರ್ ಹೊರಗೆ ಬಂದ ಮೇಲೆ ಅದು ಮೊದಲ ಬಿಡುಗಡೆಯದೋ, ಮರುಬಿಡುಗಡೆಯದೋ ಎಂಬ ಪ್ರಶ್ನೆ. ಬೆಲೆ ನಿಂತಿರುವುದೇ ಇದರ ಮೇಲೆ. ಟೂರಿಂಗ್ ಟಾಕೀಸಿಗೆ ಹಳೆ ಚಿತ್ರಗಳೇ ಸುತ್ತಿ ಸುತ್ತಿ ಬರುತ್ತಿದ್ದವು. ನಾನು ಮೊದಲು ನೋಡುವುದು ಕೆಳಗಿನ ಸಣ್ಣ ಅಕ್ಷರ. 1867ರ ಮುದ್ರಣ ಕಾಯ್ದೆಯ ಪ್ರಕಾರ ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು, ಊರು ಇರಬೇಕಿತ್ತು. ಅದರ ಜೊತೆ ಹಂಚಿಕೆದಾರರ ವಿಳಾಸ. ಪಿನ್ ಕೋಡ್ ಬಂದದ್ದು 15 ಆಗಸ್ಟ್ 1972. ಗಾಂಧಿನಗರದ ವಿಳಾಸ ಬರೀ 'ಬೆಂಗಳೂರು-9' ಎಂದಿದ್ದರೆ ಹಳೆಯದಿರುವ ಸಾಧ್ಯತೆ ಹೆಚ್ಚು. '560 009' ಎಂದಿದ್ದರೆ ಖಂಡಿತ ಆ ದಿನದ ನಂತರದ್ದು. ವಡಪಳನಿಯ 'ಮದ್ರಾಸ್-26'ಕ್ಕೂ ಇದೇ ಲೆಕ್ಕ. ಆದರೆ ಪಿನ್ ಬಂದ ಮೇಲೂ ಹಳೆ ರೂಢಿಯಲ್ಲಿ '-9' ಬರೆದವರು ಇದ್ದರು. ಹಾಗಾಗಿ ಅದೊಂದನ್ನೇ ನಂಬುವುದಿಲ್ಲ. ಎಲ್ಲಾದರೂ 'ಮೈಸೂರು ರಾಜ್ಯ' ಎಂದಿದ್ದರೆ 1 ನವೆಂಬರ್ 1973ಕ್ಕೆ ಮುಂಚಿನದು.

ಬಿರುದು ಇನ್ನೂ ಗಟ್ಟಿ ಸಾಕ್ಷಿ. ರಾಜ್‌ಕುಮಾರ್ ಅವರಿಗೆ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. 1954ರ ಬೇಡರ ಕಣ್ಣಪ್ಪ ಪೋಸ್ಟರ್ ಮೇಲೆ 'ಡಾ. ರಾಜ್‌ಕುಮಾರ್' ಎಂದಿದ್ದರೆ ಅದು ಮರುಬಿಡುಗಡೆ, ಮಾತೇ ಬೇಡ. ನಾಗರಹಾವು 1972ರದ್ದು. ಅದರ ಮೇಲೆ ವಿಷ್ಣುವರ್ಧನ್ ಅವರನ್ನು 'ಸಾಹಸ ಸಿಂಹ' ಎಂದು ಕರೆದಿದ್ದರೆ, ಅದೇ ಹೆಸರಿನ ಚಿತ್ರ ಬಂದ 1982ರ ನಂತರದ್ದು. ಇದನ್ನು ತೋರಿಸಿ ಒಬ್ಬ ವ್ಯಾಪಾರಿಯ 14,000 ರೂಪಾಯಿ ರೇಟನ್ನು 1,500ಕ್ಕೆ ಇಳಿಸಿದ್ದೇನೆ. ಚಿತ್ರದ ಹಾಡಿನ ಪುಸ್ತಕ ಸಂಗ್ರಹಿಸುವವರಿಗೆ ಕೆಲಸ ಇನ್ನೂ ಸುಲಭ. ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ಕ್ಕೆ ಹಿಂದಿನದು, ನಯಾ ಪೈಸೆಯಲ್ಲಿದ್ದರೆ 1957ರಿಂದ 1964ರ ನಡುವಿನದು.

ಹಲಗೆಯಲ್ಲಿ ಇನ್ನೊಂದು ಲಾಭ ಇದೆ. ಪದರಗಳು ಆ ಟೆಂಟಿನಲ್ಲಿ ಚಿತ್ರ ಬಂದ ಕ್ರಮದಲ್ಲೇ ಇರುತ್ತವೆ. ಒಂದು ಪಟ್ಟಿಯಲ್ಲಿ ತಾರೀಖು ಸಿಕ್ಕಿದರೆ ಅದರ ಕೆಳಗಿನದೆಲ್ಲ ಅದಕ್ಕಿಂತ ಮೊದಲು ಅಂಟಿಸಿದ್ದು. ಹೀಗೇ ಕಲ್ಪನಾ ಅವರ ಗೆಜ್ಜೆಪೂಜೆ ಪೋಸ್ಟರ್ 1969ರ ಬಿಡುಗಡೆಯ ಕಾಲದ್ದೇ ಎಂದು ನನಗೆ ಖಾತ್ರಿಯಾಯಿತು. ಅದರ ಮೇಲಿನ ಎರಡನೇ ಪದರದ ಪಟ್ಟಿಯಲ್ಲಿ 1970ರ ತಾರೀಖಿತ್ತು. ಪೋಸ್ಟರ್ ಬಿಡಿಸಿದ ಮೇಲೆ ನೆಟ್ಟಗೆ ಉಳಿದದ್ದು ಮುಕ್ಕಾಲು ಭಾಗ. ಬಲಗಡೆ ಕೆಳಮೂಲೆ ಇಲ್ಲ. ಆದರೂ ಅದನ್ನು ನೋಡಿದವರು 12,000 ಕೊಡಲು ಬಂದರು. ಕೊಡಲಿಲ್ಲ.

ಈಗಿನ ಲೆಕ್ಕ ಹೇಳಿಬಿಡುತ್ತೇನೆ. ಹಲಗೆ 800ರಿಂದ 3,000. ಒಂದರಲ್ಲಿ ಸರಾಸರಿ ಹನ್ನೆರಡು-ಹದಿನೈದು ಪದರ, ಅದರಲ್ಲಿ ಏಳೆಂಟು ಸರಿಯಾಗಿ ಬರುತ್ತವೆ. ಬಟ್ಟೆ, ಬ್ಲಾಟಿಂಗ್, ಕಿಣ್ವ, ಸಾಗಣೆ ಸೇರಿಸಿ ಒಂದು ಪೋಸ್ಟರ್‌ಗೆ 400-500 ಬೀಳುತ್ತದೆ. ನನ್ನ ದುಡಿಮೆ ಬಿಟ್ಟು. ಮೇಲಿನ ಪದರದ ಎಂಬತ್ತರ ದಶಕದವನ್ನು ಮಾರಿದರೆ ಹಲಗೆಯ ಅಸಲು ಬಂದುಬಿಡುತ್ತದೆ, ಒಳಗಿನವು ಹಾಗೇ ಉಳಿಯುತ್ತವೆ. ಹೋದ ವರ್ಷ ಒಬ್ಬರ ಹಲಗೆಯನ್ನು ಅರ್ಧ ಪಾಲಿಗೆ ಬಿಡಿಸಿಕೊಟ್ಟೆ. ಅವರಿಗೂ ಲಾಭ, ನನಗೂ ಲಾಭ.

ಹಲಗೆ ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದವರು ಅದನ್ನು ಗೋಡೆಗೆ ಒರಗಿಸಬೇಡಿ, ಮಲಗಿಸಿಡಿ, ನೆಲದಿಂದ ಎತ್ತರದಲ್ಲಿ, ಗೆದ್ದಲು ಬರದ ಕಡೆ. ಅರ್ಧ ಪಾಲಿನ ಮಾತು ಈಗಲೂ ಇದೆ. ನನ್ನಲ್ಲಿ ಎರಡೆರಡು ಇರುವವು ಜಯಂತಿ ಮತ್ತು ಭಾರತಿ ಅವರ ಪೋಸ್ಟರ್‌ಗಳು. ಬದಲಿಗೆ ನನಗೆ ಬೇಕಾಗಿರುವುದು ಹಾಸ್ಯನಟ ನರಸಿಂಹರಾಜು ಅವರ ಮುಖ ನಾಯಕನಷ್ಟೇ ದೊಡ್ಡದಾಗಿ ಅಚ್ಚಾದ ಪೋಸ್ಟರ್, ಯಾವ ಚಿತ್ರದ್ದಾದರೂ ಸರಿ, ಹರಿದಿದ್ದರೂ ಸರಿ.