ಯಾವ ಲಾಗಿನ್ ಬೇಕು? ತೂಕ ಹಾಕಿ ನೋಡಿ

ದೂರದಲ್ಲಿ ಕೂತು ಆಫೀಸಿನ ಸರ್ವರ್‌ಗೆ ಲಾಗಿನ್ ಆಗುವವರಿಗೆ ಎಸ್‌ಎಂಎಸ್ ಒಟಿಪಿ ಸಾಕಾ, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್ ಬೇಕಾ, ಪಾಸ್‌ವರ್ಡ್ ಬದಲು ಸಾಧನದಲ್ಲೇ ಇರುವ ಗುಪ್ತ ಕೀಲಿ ಅಂದರೆ ಪಾಸ್‌ಕೀ ಕೊಡೋಣವಾ? ಮೀಟಿಂಗ್‌ನಲ್ಲಿ ಈ ಪ್ರಶ್ನೆ ಎದ್ದರೆ ದನಿ ಜೋರಿದ್ದವರ ಮಾತೇ ನಡೆಯುತ್ತದೆ. ಅದಕ್ಕೇ ನಾನು ಮೊದಲು ಸ್ಪ್ರೆಡ್‌ಶೀಟ್ ತೆರೆಯುತ್ತೇನೆ.

ಮಾನದಂಡ ಮೂರೇ ಇರಲಿ: ಫಿಶಿಂಗ್ ಅಂದರೆ ನಕಲಿ ಪುಟ ತೋರಿಸಿ ಲಾಗಿನ್ ಕದಿಯುವುದರ ತಡೆ, ಫೋನ್ ಕಳೆದಾಗ ಮತ್ತೆ ಒಳಗೆ ಬರುವ ದಾರಿ ಅಂದರೆ ರಿಕವರಿ, ಬಳಸುವವರಿಗೆ ಸುಲಭ. ಪಟ್ಟಿ ಉದ್ದವಾದಷ್ಟೂ ಒಂದೇ ವಿಷಯ ಎರಡು ಹೆಸರಲ್ಲಿ ನುಸುಳಿ, ಅದರ ತೂಕ ದುಪ್ಪಟ್ಟಾಗುತ್ತದೆ.

ಯಾವುದಕ್ಕೆ ಶೇಕಡಾ ಎಷ್ಟು ಅಂತ ನೇರವಾಗಿ ಕೇಳಬೇಡಿ. ಸುಮ್ನೆ 33, 33, 34 ಅಂದುಬಿಡುತ್ತಾರೆ. ಎರಡೆರಡನ್ನು ಎದುರುಬದುರು ಇಟ್ಟು ಕೇಳಿ. ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ಬೆಳೆಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ವಿಧಾನ ಇದು. 1 ಅಂದರೆ ಎರಡೂ ಸಮ, 9 ಅಂದರೆ ಒಂದರ ಮುಂದೆ ಇನ್ನೊಂದು ಏನೇನೂ ಅಲ್ಲ.

ರಿಕವರಿಗಿಂತ ಫಿಶಿಂಗ್ ತಡೆ 3 ಪಟ್ಟು, ಸುಲಭಕ್ಕಿಂತ 5 ಪಟ್ಟು ಮುಖ್ಯ. ಸುಲಭಕ್ಕಿಂತ ರಿಕವರಿ 2 ಪಟ್ಟು ಅನ್ನೋಣ. ತಿರುಗಿಸಿ ಹೋಲಿಸುವಾಗ 1/3, 1/5, 1/2. ತನ್ನೊಂದಿಗೆ ತಾನು 1. ಹೀಗೆ ಫಿಶಿಂಗ್ ತಡೆಯ ಸಾಲು 1, 3, 5; ರಿಕವರಿಯದ್ದು 1/3, 1, 2; ಸುಲಭದ್ದು 1/5, 1/2, 1. ಪ್ರತಿ ಸಾಲಿನ ಅಂಕಿಗಳನ್ನು ಗುಣಿಸಿ ಘನಮೂಲ ತೆಗೆಯಿರಿ: 15ರದ್ದು 2.47, 2/3ರದ್ದು 0.87, 1/10ರದ್ದು 0.46. ಒಂದೊಂದನ್ನೂ ಒಟ್ಟು ಮೊತ್ತದಿಂದ ಭಾಗಿಸಿದರೆ ತೂಕ ಸಿಗುತ್ತದೆ: 0.65, 0.23, 0.12.

ಉತ್ತರಗಳು ಒಂದಕ್ಕೊಂದು ಹೊಂದುತ್ತವಾ ಅಂತಲೂ ನೋಡಿ. 3 ಪಟ್ಟು, ಅದರ ಮೇಲೆ 2 ಪಟ್ಟು ಅಂದರೆ 6 ಆಗಬೇಕು. ನಾವು 5 ಅಂದಿದ್ದೇವೆ, ನಡೆಯುತ್ತದೆ. ಅಲ್ಲಿ 1/2 ಬಂದಿದ್ದರೆ ಎಲ್ಲರನ್ನೂ ಮತ್ತೆ ಕೂರಿಸಿ ಕೇಳಬೇಕು.

ಈಗ 10ಕ್ಕೆ ಅಂಕ, ಅದೇ ಕ್ರಮದಲ್ಲಿ: ಫಿಶಿಂಗ್ ತಡೆ, ರಿಕವರಿ, ಸುಲಭ. ಇವು ನನ್ನ ಅಂದಾಜು, ನಿಮ್ಮದು ಬೇರೆ ಇರಬಹುದು. ಎಸ್‌ಎಂಎಸ್ ಒಟಿಪಿಗೆ 2, 8, 8. ಸಿಮ್ ಸ್ವಾಪ್ ಮಾಡಿ, ಅಂದರೆ ನಿಮ್ಮ ಹೆಸರಲ್ಲಿ ಬೇರೆ ಸಿಮ್ ಪಡೆದು, ನಂಬರನ್ನೇ ಕದಿಯಬಹುದು. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಎಸ್‌ಎಂಎಸ್ ಒಟಿಪಿಯನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆಪ್‌ಗೆ 4, 4, 6. ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ ನಿಜ, ಆದರೆ ನಕಲಿ ಪುಟ ಅಷ್ಟರೊಳಗೆ ಅದನ್ನು ಅಸಲಿ ಸೈಟ್‌ಗೆ ದಾಟಿಸಿಬಿಡುತ್ತದೆ. ಪಾಸ್‌ಕೀಗೆ 9, 5, 8. ಅದು ಸೈಟ್‌ನ ವಿಳಾಸಕ್ಕೇ ಕಟ್ಟಿಕೊಂಡಿರುವುದರಿಂದ ನಕಲಿ ವಿಳಾಸದಲ್ಲಿ ಕೆಲಸವೇ ಮಾಡುವುದಿಲ್ಲ.

ಅಂಕವನ್ನು ತೂಕದಿಂದ ಗುಣಿಸಿ ಕೂಡಿ. ಎಸ್‌ಎಂಎಸ್ 4.10, ಆಪ್ 4.24, ಪಾಸ್‌ಕೀ 7.96.

ಇಲ್ಲಿಗೇ ನಿಲ್ಲಿಸಬೇಡಿ. ತೂಕವನ್ನು ಅಲುಗಾಡಿಸಿ. ಮೂರೂ ಸಮ ಅಂದರೆ ಎಸ್‌ಎಂಎಸ್ 6, ಆಪ್ 4.67, ಪಾಸ್‌ಕೀ 7.33. ಮೊದಲ ಸ್ಥಾನ ಗಟ್ಟಿ. ಎರಡು, ಮೂರು ಮಾತ್ರ ಅದಲುಬದಲು. ಅಂದಮೇಲೆ 4.24 ದೊಡ್ಡದು, 4.10 ಚಿಕ್ಕದು ಅಂತ ಜಗಳವಾಡುವುದರಲ್ಲಿ ಅರ್ಥವಿಲ್ಲ, ಅಲ್ವಾ?

ಈ ಕೂಡುವ ಲೆಕ್ಕಕ್ಕೆ ಒಂದು ಕೆಟ್ಟ ಗುಣವಿದೆ. ಸುಲಭದ ಅಂಕ ಜಾಸ್ತಿಯಾದರೆ ಭದ್ರತೆಯ ತೂತು ಮುಚ್ಚಿಹೋದಂತೆ ಕಾಣುತ್ತದೆ. ಹಾಗಾಗಿ ಅಡ್ಮಿನ್ ಖಾತೆಗಳಿಗೆ ಗುಣಿಸುವ ಮೊದಲೇ ಗೆರೆ ಎಳೆಯಿರಿ: ಫಿಶಿಂಗ್ ತಡೆ 5ಕ್ಕಿಂತ ಕಡಿಮೆಯಿದ್ದರೆ ಹೊರಗೆ. ಆಗ ಉಳಿಯುವುದು ಪಾಸ್‌ಕೀ ಒಂದೇ; ಲೆಕ್ಕವೇ ಬೇಕಾಗುವುದಿಲ್ಲ.

ಜನ ಮರೆಯುವುದು ರಿಕವರಿಯ ದಾರಿಯನ್ನು. ಕದಿಯುವವನು ಮುಂಬಾಗಿಲು ಬಿಟ್ಟು "ಸಾಧನ ಕಳೆದಿದೆ" ಬಟನ್ ಒತ್ತುತ್ತಾನೆ. ಲಾಗಿನ್, ರಿಕವರಿ ಈ ಎರಡು ದಾರಿಗಳಲ್ಲಿ ಯಾವುದರ ಫಿಶಿಂಗ್ ಅಂಕ ಕಡಿಮೆಯೋ ಅದನ್ನೇ ಬರೆಯಿರಿ, ಸರಾಸರಿ ತೆಗೆಯಬೇಡಿ. ಪಾಸ್‌ಕೀ ಕಳೆದವರನ್ನು ಎಸ್‌ಎಂಎಸ್ ಒಟಿಪಿಯಿಂದ ಒಳಗೆ ಬಿಡುತ್ತೀರಾ? ಹಾಗಾದರೆ ಫಿಶಿಂಗ್ ತಡೆಯೂ ರಿಕವರಿಯೂ ಎಸ್‌ಎಂಎಸ್‌ನದ್ದೇ ಆಗಿ, ಪಾಸ್‌ಕೀ ಅಂಕ 2, 8, 8. ಮೊತ್ತ 4.10, ಎಸ್‌ಎಂಎಸ್‌ನದ್ದೂ ಅಷ್ಟೇ.