ತೊಂದರೆ ಇಲ್ಲದಾಗಲೇ ಮಾಡಿಸಿ ಕ್ಯಾನ್ಸರ್ ತಪಾಸಣೆ

‘ನಂಗೇನೂ ಆಗಿಲ್ವಲ್ಲ, ಸುಮ್ನೆ ಯಾಕೆ ಟೆಸ್ಟು?’ ಎನ್ನುವ ಹೆಂಗಸರೇ ಜಾಸ್ತಿ. ಈ ತಪಾಸಣೆ ಇರುವುದೇ ಏನೂ ಆಗದವರಿಗೆ. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನೇ ನೋಡಿ. ಎಚ್‌ಪಿವಿ ಎಂಬ ವೈರಸ್ ಹೋಗದೆ ಉಳಿದುಬಿಟ್ಟರೆ ಅಲ್ಲಿನ ಜೀವಕೋಶಗಳು ಮೆಲ್ಲಗೆ ಕೆಡುತ್ತವೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟು ದಿನ ನೋವೂ ಇರುವುದಿಲ್ಲ. ಆಗಲೇ ಗೊತ್ತಾದರೆ ಕೆಟ್ಟ ಭಾಗವನ್ನಷ್ಟೇ ತೆಗೆದು, ಕ್ಯಾನ್ಸರ್ ಬರದಂತೆಯೇ ತಡೆಯಬಹುದು.

ಮೊದಲು ವಯಸ್ಸಿನ ಲೆಕ್ಕ. 30 ತುಂಬಿದವರು ಎಚ್‌ಪಿವಿ ಡಿಎನ್‌ಎ ಟೆಸ್ಟ್ ಮಾಡಿಸಿ, ಆ ವೈರಸ್ ಇದೆಯೇ ಎಂದು ನೋಡುವ ಟೆಸ್ಟ್ ಇದು. ನೆಗೆಟಿವ್ ಬಂದರೆ 5ರಿಂದ 10 ವರ್ಷಕ್ಕೊಮ್ಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಚ್‌ಐವಿ ಇರುವವರು 25ಕ್ಕೇ ಶುರು ಮಾಡಬೇಕು, 3ರಿಂದ 5 ವರ್ಷಕ್ಕೊಮ್ಮೆ. ಎಚ್‌ಪಿವಿ ಟೆಸ್ಟ್ ಸಿಗದಿದ್ದರೆ 3 ವರ್ಷಕ್ಕೊಮ್ಮೆ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ತೆಗೆದು ಕೆಟ್ಟಿವೆಯೇ ಎಂದು ನೋಡುವ ಟೆಸ್ಟ್. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರೂ ಬಿಡುವಂತಿಲ್ಲ. ಎಚ್‌ಪಿವಿಯ ಎಲ್ಲ ಬಗೆಗಳನ್ನೂ ಲಸಿಕೆ ತಡೆಯುವುದಿಲ್ಲ.

ದಿನ ಗೊತ್ತು ಮಾಡುವಾಗ ಮುಟ್ಟಿನ ದಿನಗಳನ್ನು ಬಿಡಿ. ಎರಡು ದಿನ ಮುಂಚಿನಿಂದ ಸಂಭೋಗ ಬೇಡ, ಯೋನಿಯೊಳಗೆ ಇಡುವ ಮಾತ್ರೆ, ಕ್ರೀಮು ಬೇಡ, ಒಳಗೆ ತೊಳೆಯುವುದೂ ಬೇಡ.

ತಪಾಸಣೆಯ ಕೋಣೆಗೆ ಹೋದಮೇಲೆ ಏನು ಮಾಡುತ್ತಾರೆ ಎಂಬುದೇ ದೊಡ್ಡ ಹೆದರಿಕೆ, ಅಲ್ವಾ? ಮಂಡಿ ಮಡಚಿ ಅಂಗಾತ ಮಲಗುತ್ತೀರಿ. ಸ್ಪೆಕ್ಯುಲಂ ಎಂಬ ಸಾಧನವನ್ನು ಮೆಲ್ಲಗೆ ಒಳಗಿಟ್ಟು ಅಗಲಿಸುತ್ತಾರೆ. ಪುಟ್ಟ ಬ್ರಷ್ಷನ್ನು ಗರ್ಭಕೋಶದ ಬಾಯಿಗೆ ತಾಗಿಸಿ ತಿರುಗಿಸುತ್ತಾರೆ. ಒಂದೆರಡು ನಿಮಿಷದ ಕೆಲಸ. ಮೈ ಬಿಗಿ ಹಿಡಿದಷ್ಟೂ ಹಿಂಸೆ ಜಾಸ್ತಿ. ಬಾಯಿಂದ ನಿಧಾನಕ್ಕೆ ಉಸಿರು ಬಿಡಿ. ವೈದ್ಯೆಯೇ ಬೇಕು, ಚಿಕ್ಕ ಸ್ಪೆಕ್ಯುಲಂ ಹಾಕಿ, ನೋವಾಗ್ತಿದೆ ನಿಲ್ಲಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಕೆಲವು ಕಡೆ ಎಚ್‌ಪಿವಿ ಟೆಸ್ಟಿಗೆ ನೀವೇ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದುಕೊಡಬಹುದು. ನಾಚಿಕೆಯಿಂದಲೇ ಮುಂದೂಡುತ್ತಿರುವವರು ಇದನ್ನು ಖಂಡಿತ ವಿಚಾರಿಸಿ.

ಸ್ತನದ ತಪಾಸಣೆಗೆ ಮ್ಯಾಮೊಗ್ರಾಂ, ಅಂದರೆ ಸ್ತನವನ್ನು ಒತ್ತಿ ಹಿಡಿದು ತೆಗೆಯುವ ಎಕ್ಸ್‌ರೇ. ಕೆಲವು ದೇಶಗಳಲ್ಲಿ 40ಕ್ಕೆ, ಕೆಲವು ಕಡೆ 50ಕ್ಕೆ ಶುರು ಮಾಡುತ್ತಾರೆ. ಅಮ್ಮನಿಗೋ ಅಕ್ಕ-ತಂಗಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಇನ್ನೂ ಬೇಗ ಬೇಕಾಗಬಹುದು. ಮುಟ್ಟು ಮುಗಿದ ವಾರ ಹೋದರೆ ಒತ್ತುವಾಗ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಬೇಡಿ, ಚಿತ್ರದಲ್ಲಿ ಚುಕ್ಕಿಯಂತೆ ಕಂಡು ಗೊಂದಲವಾಗುತ್ತದೆ.

ಇಷ್ಟೆಲ್ಲ ಮಾಡಿ ರಿಪೋರ್ಟ್ ಮರೆತುಬಿಟ್ಟರೆ? ಟೆಸ್ಟ್ ಮಾಡಿಸಿದ್ದೂ ದಂಡ. ಹೊರಡುವ ಮುಂಚೆಯೇ ರಿಪೋರ್ಟ್ ಯಾವತ್ತು ಬರುತ್ತದೆ, ಯಾರು ಕೊಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಯಾರೂ ಫೋನ್ ಮಾಡಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ. ಎಚ್‌ಪಿವಿ ಪಾಸಿಟಿವ್ ಬಂದರೆ ಕ್ಯಾನ್ಸರ್ ಬಂತು ಎಂದೂ ಅಲ್ಲ. ಮುಂದಿನ ಪರೀಕ್ಷೆ ಬೇಕು ಎಂದಷ್ಟೇ. ಮ್ಯಾಮೊಗ್ರಾಂಗೆ ಮತ್ತೆ ಕರೆಸಿಕೊಂಡವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಹೆದರಿ ಮನೆಯಲ್ಲಿ ಕೂರಬೇಡಿ, ಕರೆದ ದಿನ ಹೋಗಿ. ಹಳೆಯ ಚಿತ್ರಗಳನ್ನೂ ಒಯ್ಯಿರಿ, ಹೋಲಿಸಿ ನೋಡಲು ಬೇಕಾಗುತ್ತವೆ.

ಸ್ತನದಲ್ಲಿ ಗಂಟು, ಸಂಭೋಗದ ನಂತರ ರಕ್ತ, ಮುಟ್ಟು ನಿಂತಮೇಲೂ ರಕ್ತ ಕಂಡವರು ಈ ಲೆಕ್ಕ ಯಾವುದನ್ನೂ ನೋಡಬೇಡಿ. ಹೋದ ತಿಂಗಳಷ್ಟೇ ಟೆಸ್ಟ್ ಆಗಿದ್ದರೂ ಸರಿ, ಈಗಲೇ ವೈದ್ಯರ ಹತ್ತಿರ ಹೋಗಿ.