ವೇಬ್ರಿಡ್ಜ್ ಗುಮಾಸ್ತರಾಗಿ ಸೇರುವವರಿಗೆ: ಜಲ್ಲಿ, ಮರಳು, ಕಬ್ಬಿಣದ ಲೋಡುಗಳನ್ನು ತೂಗುವ ಕ್ರಮ

ಮಂಗಳೂರಿನ ಬೈಕಂಪಾಡಿಯ ಯಾರ್ಡಿನಲ್ಲಾಗಲಿ, ಕಾರ್ಕಳದ ಕಡೆಯ ಕ್ರಷರಿನಲ್ಲಾಗಲಿ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಕಬ್ಬಿಣ–ಸಿಮೆಂಟಿನ ದಾಸ್ತಾನಿನಲ್ಲಾಗಲಿ ವೇಬ್ರಿಡ್ಜ್ (ಗಾಡಿಯನ್ನು ಸರಕಿನ ಸಮೇತ ತೂಗುವ ದೊಡ್ಡ ತಕ್ಕಡಿ) ಗುಮಾಸ್ತರಾಗಿ ಸೇರಿದವರಿಗೆ ಮೊದಲ ದಿನ ಕಲಿಸುವುದು ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಗಾಡಿ ನಂಬರು ಹಾಕಿ ಚೀಟಿ ಮುದ್ರಿಸುವುದನ್ನು ಮಾತ್ರ. ಅಷ್ಟನ್ನು ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಕಲಿಯಬಹುದು. ಅಂಕಿಯನ್ನು ಯಂತ್ರ ತೋರಿಸುತ್ತದೆ. ಮೊದಲ ತೂಕಕ್ಕೂ ಎರಡನೇ ತೂಕಕ್ಕೂ ನಡುವೆ ಆ ಗಾಡಿಯಲ್ಲಿ ಸರಕಿನ ಹೊರತು ಬೇರೇನೂ ಹೆಚ್ಚುಕಮ್ಮಿಯಾಗಿಲ್ಲ ಎಂದು ಖಾತರಿಪಡಿಸಿಕೊಳ್ಳುವ ಹೊಣೆ ಮಾತ್ರ ಗುಮಾಸ್ತರದ್ದು. ಕೊಡುವವನೂ ಕೊಳ್ಳುವವನೂ ನಂಬುವುದು ಒಂದೇ ಚೀಟಿಯನ್ನಾದ್ದರಿಂದ, ಸಂಬಳ ಯಾರು ಕೊಟ್ಟರೂ ಆ ಕುರ್ಚಿಯಲ್ಲಿ ಕುಳಿತವರು ಇಬ್ಬರ ಪರವಾಗಿಯೂ ಸಾಕ್ಷಿಯೇ ಆಗಿರುತ್ತಾರೆ.

ಬೆಳಗ್ಗೆ ಮೊದಲ ಗಾಡಿ ಬರುವ ಮೊದಲು

ಕೋಣೆಯ ಬೀಗ ತೆಗೆದ ಕೂಡಲೇ ಕಂಪ್ಯೂಟರ್ ಮುಂದೆ ಕೂರದೆ, ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿನ ಸುತ್ತ ಒಂದು ಸುತ್ತು ಬರಬೇಕು. ಪ್ಲಾಟ್‌ಫಾರ್ಮಿನ ಅಂಚಿಗೂ ಕಾಂಕ್ರೀಟ್ ಕಟ್ಟೆಗೂ ನಡುವಿನ ಸಂದಿಯಲ್ಲಿ ಜಲ್ಲಿಯ ತುಂಡೊಂದು ಸಿಕ್ಕಿಕೊಂಡಿದ್ದರೂ ಭಾರದ ಒಂದು ಪಾಲು, ಅಡಿಯಲ್ಲಿ ಕುಳಿತು ಭಾರ ಅಳೆಯುವ ಲೋಡ್ ಸೆಲ್‌ಗೆ ತಲುಪದೆ ಕಟ್ಟೆಗೆ ಇಳಿದುಹೋಗುತ್ತದೆ. ಆಗ ತೂಕ ಕಡಿಮೆ ತೋರಿಸುತ್ತದೆ, ಅದೂ ಒಂದೊಂದು ಸಲ ಒಂದೊಂದು ರೀತಿ. ಅಡಿಯಲ್ಲಿ ಕೆಸರು ತುಂಬಿ ಪ್ಲಾಟ್‌ಫಾರ್ಮಿನ ತಳವನ್ನು ಮುಟ್ಟಿದ್ದರೂ ಇದೇ ಕತೆ. ಕೇಬಲುಗಳನ್ನು ಇಲಿ ಕಡಿದಿದೆಯೇ, ಅವು ಬಂದು ಸೇರುವ ಜಂಕ್ಷನ್ ಬಾಕ್ಸಿನ ಮುಚ್ಚಳ ಬಿಗಿಯಾಗಿದೆಯೇ, ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲು ಹಾಗೆಯೇ ಇದೆಯೇ ಎಂಬುದನ್ನೂ ಇದೇ ಸುತ್ತಿನಲ್ಲಿ ನೋಡಿಬಿಡಬಹುದು. ತೂಕದ ಅಂಕಿ ತೋರಿಸುವ ಇಂಡಿಕೇಟರನ್ನು ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟು, ಪ್ಲಾಟ್‌ಫಾರ್ಮ್ ಪೂರ್ತಿ ಖಾಲಿ ಇರುವಾಗ ಸೊನ್ನೆ ನಿಂತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಗೇಟಿನವರಿಗೆ ಗಾಡಿ ಬಿಡಲು ಹೇಳಬೇಕು.

ಯಾರ್ಡಿನದೇ ಒಂದು ಗಾಡಿಯನ್ನು ದಿನಕ್ಕೊಮ್ಮೆ ಪ್ಲಾಟ್‌ಫಾರ್ಮಿನ ಮುಂದಿನ ತುದಿ, ಮಧ್ಯ ಮತ್ತು ಹಿಂದಿನ ತುದಿಯಲ್ಲಿ ನಿಲ್ಲಿಸಿ ನೋಡುವುದು ಒಳ್ಳೆಯ ರೂಢಿ. ಮೂರೂ ಕಡೆ ತೂಕ ಒಂದೇ ಬರಬೇಕು. ಒಂದು ವಿಭಾಗದಷ್ಟು, ಅಂದರೆ ಯಂತ್ರ ತೋರಿಸುವ ಅತಿ ಸಣ್ಣ ಅಂತರವಾದ 10 ಕಿಲೋದಷ್ಟು ಆಚೀಚೆಯಾದರೆ ಚಿಂತಿಸಬೇಕಿಲ್ಲ. ಒಂದು ತುದಿಯಲ್ಲಿ ಮಾತ್ರ 60, 80 ಕಿಲೋ ವ್ಯತ್ಯಾಸ ಬಂದರೆ ಆ ಬದಿಯ ಲೋಡ್ ಸೆಲ್ ಕೆಟ್ಟಿದೆ ಅಥವಾ ಏನೋ ಅಡ್ಡ ಸಿಕ್ಕಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ಯಂತ್ರದ ತೂಕವನ್ನು ಹೊಂದಿಸುವ ಕ್ಯಾಲಿಬ್ರೇಷನ್ ಕೀಲಿಗಳಿಗೆ ಕೈ ಹಾಕುವ ಧೈರ್ಯ ಯಾರೂ ಮಾಡಬಾರದು. ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಪ್ರಕಾರ ವ್ಯಾಪಾರಕ್ಕೆ ಬಳಸುವ ವೇಬ್ರಿಡ್ಜನ್ನು ಇಲಾಖೆಯವರು ಪರಿಶೀಲಿಸಿ ಮುದ್ರೆ ಹಾಕಿರಬೇಕು. 12 ತಿಂಗಳಿಗೊಮ್ಮೆ ಮರುಪರಿಶೀಲನೆ ಆಗಬೇಕು. ಪರವಾನಗಿ ಪಡೆದ ರಿಪೇರಿಯವರು ಸೀಲು ಒಡೆದು ಸರಿಪಡಿಸಿದರೂ ಮತ್ತೆ ಮುದ್ರೆ ಬೀಳುವ ತನಕ ಅದರಲ್ಲಿ ತೂಗಿ ಮಾರುವಂತಿಲ್ಲ. ಪ್ರಮಾಣಪತ್ರ ಕೋಣೆಯ ಗೋಡೆಯಲ್ಲಿ ಕಾಣುವಂತೆ ಇರಲಿ, ಅವಧಿ ಮುಗಿಯುವ ತಾರೀಕನ್ನು ಒಂದು ತಿಂಗಳು ಮೊದಲೇ ಮ್ಯಾನೇಜರಿಗೆ ನೆನಪಿಸುವುದು ಗುಮಾಸ್ತರ ಕೆಲಸವೇ ಎಂದು ತಿಳಿದುಕೊಳ್ಳಿ.

ಎರಡು ತೂಕಗಳ ನಡುವೆ

ಮಾರುವ ಕಡೆಯಲ್ಲಿ ಮೊದಲು ಖಾಲಿ ತೂಕ, ಆಮೇಲೆ ಲೋಡು ತೂಕ. ಕೊಳ್ಳುವ ಕಡೆಯಲ್ಲಿ ಮೊದಲು ಲೋಡು, ಇಳಿಸಿದ ಮೇಲೆ ಖಾಲಿ. ಲೋಡು 27,640 ಕಿಲೋ, ಖಾಲಿ 10,980 ಕಿಲೋ ಬಂದರೆ ಸರಕಿನ ನೆಟ್ ತೂಕ 16,660 ಕಿಲೋ. ಕೂಡಿಸಿ ಕಳೆಯುವುದನ್ನು ಸಾಫ್ಟ್‌ವೇರ್ ಮಾಡುತ್ತದೆ. ಆದರೆ ಈ ಎರಡು ತೂಕಗಳ ನಡುವೆ ಗಾಡಿಯಲ್ಲಿ ಏನೇನು ಬದಲಾಗಬಹುದು ಎಂಬುದು ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ.

ಖಾಲಿ ತೂಕದ ಹೊತ್ತಿಗೆ ಡ್ರೈವರೂ ಕ್ಲೀನರೂ ಕ್ಯಾಬಿನ್ನಿನಲ್ಲಿ ಕುಳಿತಿದ್ದು, ಲೋಡು ತೂಕದ ಹೊತ್ತಿಗೆ ಇಬ್ಬರೂ ಚಹಾ ಕುಡಿಯಲು ಇಳಿದುಹೋಗಿದ್ದರೆ ಮಾರುವವನಿಗೆ ನೂರ ಮೂವತ್ತು, ನಲವತ್ತು ಕಿಲೋ ನಷ್ಟ. ನಡುವೆ 200 ಲೀಟರ್ ಡೀಸೆಲ್ ತುಂಬಿಸಿಕೊಂಡು ಬಂದರೆ ಸುಮಾರು 165 ಕಿಲೋ ಡೀಸೆಲ್ಲಿಗೆ ಜಲ್ಲಿಯ ಬೆಲೆ ತೆರುವವನು ಗಿರಾಕಿ. ಕೊಳ್ಳುವ ಯಾರ್ಡಿನಲ್ಲಿ ಲೋಡು ತೂಕದ ಹೊತ್ತಿಗೆ ತುಂಬಿದ್ದ ನೀರಿನ ಡ್ರಮ್ಮು ಖಾಲಿ ತೂಕದ ಹೊತ್ತಿಗೆ ಬರಿದಾಗಿರುವುದು, ಸ್ಟೆಪ್ನಿ ಟಯರು ಮಾಯವಾಗಿರುವುದು, ಟರ್ಪಾಲು, ಸರಪಳಿಗಳು ಇಳಿದಿರುವುದು ಇವೆಲ್ಲ ಅದೇ ಜಾತಿಗೆ ಸೇರಿದವು. ಪ್ರತಿಯೊಂದೂ ಮೋಸವೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಅದು ಬರೀ ಅಜಾಗ್ರತೆ. ಆದ್ದರಿಂದ ದೂರುವ ಧ್ವನಿ ಬೇಡ, ನಿಯಮವೊಂದೇ ಸಾಕು: ಎರಡೂ ಸಲ ಕ್ಯಾಬಿನ್ನಿನಲ್ಲಿ ಯಾರೂ ಇರಕೂಡದು, ಎಂಜಿನ್ ಬಂದಾಗಿರಬೇಕು, ಎಲ್ಲ ಚಕ್ರಗಳೂ ಪ್ಲಾಟ್‌ಫಾರ್ಮಿನ ಒಳಗಿರಬೇಕು. ಹಿಂದಿನ ಚಕ್ರದ ಅರ್ಧ ಭಾಗ ಕಟ್ಟೆಯ ಮೇಲೆ ಉಳಿದಿದ್ದರೆ ಕೋಣೆಯ ಕಿಟಕಿಯಿಂದ ಕಾಣುವುದಿಲ್ಲ. ಹಿಂಬದಿಗೆ ಕ್ಯಾಮೆರಾ ಇಲ್ಲದ ಕಡೆ ಎದ್ದು ಹೋಗಿ ನೋಡುವುದೇ ದಾರಿ.

ಕಂಪ್ಯೂಟರಿನಲ್ಲಿ ಉಳಿಸಿಟ್ಟ ಹಳೆಯ ಖಾಲಿ ತೂಕವನ್ನು ಬಳಸುವ ಅಭ್ಯಾಸವನ್ನು ನಾನು ಎಲ್ಲಕ್ಕಿಂತ ಕೆಟ್ಟದ್ದೆಂದು ಭಾವಿಸುತ್ತೇನೆ. ಗಾಡಿಗಳ ಸಾಲು ಉದ್ದವಿದ್ದಾಗ ಅದು ಹತ್ತು ನಿಮಿಷ ಉಳಿಸುತ್ತದೆ ನಿಜ. ಆದರೆ ಬೇಸಗೆಯಲ್ಲಿ ತೆಗೆದ ಖಾಲಿ ತೂಕಕ್ಕೂ ಆಷಾಢದ ಕೆಸರು ಮೆತ್ತಿಕೊಂಡ, ಬಾಡಿಯ ಮೂಲೆಯಲ್ಲಿ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಅಂಟಿಕೊಂಡ ಗಾಡಿಯ ಖಾಲಿ ತೂಕಕ್ಕೂ ಸಂಬಂಧವೇ ಇರುವುದಿಲ್ಲ. ಪ್ರತಿ ಟ್ರಿಪ್ಪಿಗೂ ಹೊಸದಾಗಿ ಖಾಲಿ ತೂಗಿದರೆ ಅಂಟಿಕೊಂಡದ್ದು ಎರಡೂ ತೂಕಗಳಲ್ಲಿ ಸೇರಿ ತಾನಾಗಿಯೇ ಕಳೆದುಹೋಗುತ್ತದೆ.

ಗಾಡಿ ನಂಬರನ್ನು ಡ್ರೈವರಿನ ಬಾಯಿಂದ ಕೇಳಿ ಬರೆಯದೆ ಫಲಕವನ್ನು ನೋಡಿಯೇ ಬರೆಯಬೇಕು. ಕೆಎ 19, ಕೆಎ 20 ಗಾಡಿಗಳ ನಡುವೆ ಕೇರಳ ಗಡಿಯ ತಲಪಾಡಿ ದಾಟಿ ಬರುವ ಕೆಎಲ್ 14ರ ಗಾಡಿಗಳೂ ಇರುವುದರಿಂದ, ಒಬ್ಬರು ತುಳುವಿನಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ, ಮತ್ತೊಬ್ಬರು ಹಿಂದಿಯಲ್ಲಿ ನಂಬರು ಹೇಳುವ ಗದ್ದಲದಲ್ಲಿ ಒಂದಂಕಿ ಹೆಚ್ಚುಕಮ್ಮಿಯಾಗುವುದು ಸುಲಭ. ಒಂದೇ ಮಾಲೀಕರ ನಾಲ್ಕೈದು ಟಿಪ್ಪರುಗಳು ಒಟ್ಟಿಗೆ ಬಂದಾಗಲಂತೂ ಒಂದರ ಖಾಲಿ ತೂಕ ಇನ್ನೊಂದರ ಲೋಡು ತೂಕಕ್ಕೆ ಸೇರಿಕೊಳ್ಳದಂತೆ ಎಚ್ಚರ ಬೇಕು.

ಮಳೆಗಾಲದ ಲೆಕ್ಕ

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸದ ಸ್ವರೂಪವೇ ಬೇರೆ. 16 ಮೀಟರ್ ಉದ್ದ, 3 ಮೀಟರ್ ಅಗಲದ ಪ್ಲಾಟ್‌ಫಾರ್ಮಿನ ವಿಸ್ತೀರ್ಣ 48 ಚದರ ಮೀಟರ್. ಅದರ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ 48 ಕಿಲೋ ಭಾರ. ಸೊನ್ನೆ ಮಾಡಿ ಐದು ನಿಮಿಷ ಕಳೆಯುವುದರೊಳಗೆ ಪರದೆಯಲ್ಲಿ 20, 30 ಎಂದು ಅಂಕಿ ಏರುವುದು ಈ ಕಾರಣದಿಂದಲೇ. ನೀರು ಹರಿದುಹೋಗುವ ತೂತುಗಳನ್ನು ತೆರೆದಿಟ್ಟುಕೊಂಡು, ಜೋರು ಮಳೆಯಲ್ಲಿ ಪ್ರತಿ ಗಾಡಿ ಏರುವ ಮೊದಲೂ ಸೊನ್ನೆಯನ್ನು ನೋಡಲೇಬೇಕು.

ಸರಕಿನೊಳಗಿನ ನೀರು ಇನ್ನೂ ದೊಡ್ಡ ಪ್ರಶ್ನೆ. ಒಣ ತೂಕದ ನೂರಕ್ಕೆ 6ರಷ್ಟು ತೇವವಿರುವ 16 ಟನ್ ಎಂ-ಸ್ಯಾಂಡಿನಲ್ಲಿ ಸುಮಾರು 900 ಕಿಲೋ ನೀರೇ ಇರುತ್ತದೆ. ಗಿರಾಕಿ ತಕರಾರು ತೆಗೆದರೆ ಅಳೆದು ತೋರಿಸುವ ಉಪಾಯ ಸುಲಭದ್ದು: ರಾಶಿಯ ಒಳಗಿನಿಂದ 500 ಗ್ರಾಂ ಮರಳು ತೆಗೆದು, ಬಾಣಲೆಯಲ್ಲಿ ಪೂರ್ತಿ ಒಣಗುವ ತನಕ ಹುರಿದು ಮತ್ತೆ ತೂಗಬೇಕು. 470 ಗ್ರಾಂ ಉಳಿದರೆ ಕಳೆದ 30 ಗ್ರಾಮನ್ನು 470ರಿಂದ ಭಾಗಿಸಿದಾಗ ತೇವ ನೂರಕ್ಕೆ ಸುಮಾರು 6.4 ಎಂದಾಗುತ್ತದೆ. ತೇವಕ್ಕೆ ಎಷ್ಟು ಕಡಿತ ಎಂಬುದನ್ನು ಮಾಲೀಕರೂ ಗಿರಾಕಿಯೂ ಮೊದಲೇ ಮಾತಾಡಿಕೊಳ್ಳಬೇಕು. ಗುಮಾಸ್ತರು ತಮ್ಮಷ್ಟಕ್ಕೆ ಕಡಿತ ಮಾಡದೆ, ತೂಗಿದ್ದನ್ನೇ ಬರೆದು ಚೀಟಿಯಲ್ಲಿ ‘ಒದ್ದೆ ಮರಳು’ ಎಂದು ನಮೂದಿಸಿದರೆ ಸಾಕು.

‘ಹಾಗಾದರೆ ಅಳತೆಯಲ್ಲೇ ಕೊಡಿ’ ಎನ್ನುವವರಿಗೂ ಒಂದು ಮಾತು ತಿಳಿಸಿಹೇಳುವುದು ಒಳ್ಳೆಯದು. ಸಣ್ಣ ಮರಳಿಗೆ ಸ್ವಲ್ಪ ತೇವ ತಗಲಿದರೆ ಅದು ಉಬ್ಬಿ ಕಾಲು ಪಾಲಿನಷ್ಟು ಹೆಚ್ಚು ಜಾಗ ಹಿಡಿಯಬಲ್ಲುದು. ಪೂರ್ತಿ ನೆನೆದಾಗ ಮತ್ತೆ ಕುಗ್ಗುತ್ತದೆ. ಅಂದರೆ ಅಳತೆಯಲ್ಲಿ ಕೊಂಡವನೂ ನೀರಿನಿಂದ ತಪ್ಪಿಸಿಕೊಳ್ಳಲಾರ. ನಮ್ಮಲ್ಲಿ ಈಗಲೂ ಹಳಬರು ಜಲ್ಲಿಯನ್ನು ಯೂನಿಟ್ ಲೆಕ್ಕದಲ್ಲಿ ಕೇಳುತ್ತಾರೆ. ಒಂದು ಯೂನಿಟ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. ಸಡಿಲ ಜಲ್ಲಿ ಘನ ಮೀಟರಿಗೆ ಸುಮಾರು ಒಂದೂವರೆ ಟನ್ ಎಂದು ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 4.2 ಟನ್ ಬರುತ್ತದೆ. ಜಲ್ಲಿಯ ಗಾತ್ರ ಮತ್ತು ಹುಡಿಯ ಪ್ರಮಾಣ ಬದಲಾದಂತೆ ಇದೂ ಬದಲಾಗುವುದರಿಂದ ಚೀಟಿಯಲ್ಲಿ ಟನ್ನನ್ನೇ ಬರೆಯಿರಿ.

ಸಿಡಿಲಿನ ವಿಷಯವನ್ನು ಮರೆಯುವಂತಿಲ್ಲ. ಮಳೆಗಾಲದ ಮೊದಲು ಮತ್ತು ನಂತರದ ಗುಡುಗು ಮಳೆಯಲ್ಲಿ ಲೋಡ್ ಸೆಲ್ಲುಗಳು ಸುಟ್ಟುಹೋಗುವುದುಂಟು. ಅರ್ಥಿಂಗ್ ಚೆನ್ನಾಗಿರಬೇಕು; ಗುಡುಗು ಹತ್ತಿರವಾದ ಹಾಗೆ ಕಂಡರೆ ಗಾಡಿಗಳನ್ನು ನಿಲ್ಲಿಸಿ, ಇಂಡಿಕೇಟರ್ ಬಂದ್ ಮಾಡಿ ಪ್ಲಗ್ ತೆಗೆದುಬಿಡುವುದು ಕ್ಷೇಮ. ಕರೆಂಟು ಹೋದಾಗ ಅರ್ಧಕ್ಕೆ ನಿಂತ ತೂಕವನ್ನು ಊಹೆಯಿಂದ ಪೂರ್ತಿ ಮಾಡದೆ ಮತ್ತೆ ತೂಗಬೇಕು.

ಕಬ್ಬಿಣ, ಸಿಮೆಂಟು, ಕೆಂಪುಕಲ್ಲು

ಕಬ್ಬಿಣದ ಸರಳುಗಳಿಗೆ ತೂಕವನ್ನು ತಾಳೆ ನೋಡುವ ಇನ್ನೊಂದು ದಾರಿಯಿದೆ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಎಂಎಂ ಸರಳು 12 ಮೀಟರ್ ಉದ್ದವಿದ್ದರೆ ಒಂದಕ್ಕೆ ಸುಮಾರು 10.67 ಕಿಲೋ, 300 ಸರಳಿಗೆ 3,200 ಕಿಲೋ. ಭಾರತೀಯ ಮಾನಕ 1786 ಈ ಗಾತ್ರಕ್ಕೆ ನೂರಕ್ಕೆ 5ರ ವ್ಯತ್ಯಾಸವನ್ನು ಒಪ್ಪುತ್ತದೆ. ವೇಬ್ರಿಡ್ಜಿನ ತೂಕ ಅದನ್ನೂ ಮೀರಿ ಬೇರೆ ಬಂದರೆ ಮೊದಲು ಸರಳುಗಳನ್ನು ಮತ್ತೆ ಎಣಿಸಿ, ಆಮೇಲೆ ಯಂತ್ರವನ್ನು ಸಂಶಯಿಸಿ. ಇನ್ನೂರು, ಮುನ್ನೂರು ಕಿಲೋ ಕಬ್ಬಿಣ ಒಯ್ಯುವ ಪಿಕಪ್ಪನ್ನು 60 ಟನ್ನಿನ ವೇಬ್ರಿಡ್ಜಿಗೆ ಹತ್ತಿಸುವುದು ಸರಿಯಲ್ಲ. 10 ಕಿಲೋ ವಿಭಾಗದ ಯಂತ್ರದಲ್ಲಿ ಅಷ್ಟು ಕಡಿಮೆ ಸರಕಿಗೆ ವ್ಯತ್ಯಾಸದ ಪಾಲು ಹೆಚ್ಚು. ಅದಕ್ಕೆ ಚಿಕ್ಕ ತಕ್ಕಡಿ ಇರಬೇಕು. ಸಿಮೆಂಟಿಗೆ ಚೀಲದ ಲೆಕ್ಕ, ಕೆಂಪುಕಲ್ಲಿಗೆ ಕಲ್ಲಿನ ಲೆಕ್ಕ. ಇವೆರಡನ್ನು ತೂಗುವುದು ಬಹುಮಟ್ಟಿಗೆ ಓವರ್‌ಲೋಡ್ ಇದೆಯೇ ಎಂದು ನೋಡಲು.

ಓವರ್‌ಲೋಡ್ ಮತ್ತು ಕಾಗದಪತ್ರ

ಗಾಡಿಯ ಒಟ್ಟು ತೂಕದ ಮಿತಿ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಹತ್ತು ಚಕ್ರದ ಟಿಪ್ಪರಿಗೆ ಅದು ಸಾಮಾನ್ಯವಾಗಿ 28 ಟನ್ನಿನ ಆಸುಪಾಸು. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಂತೆ ಮಿತಿ ಮೀರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ, ಜೊತೆಗೆ ಇಳಿಸುವ ಖರ್ಚು. ಓಡಿಸಿದವರಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವರಿಗೂ ಇದು ಅನ್ವಯಿಸುತ್ತದೆ. ಕೋಣೆಯ ಕಿಟಕಿಯಲ್ಲಿ ಆಗಾಗ ಕೇಳಿಬರುವ ಮಾತು ಹೀಗಿರುತ್ತದೆ: ‘ಅಣ್ಣಾ, ಚೀಟಿಯಲ್ಲಿ ಒಂದು ಟನ್ ಕಮ್ಮಿ ಹಾಕಿ ಕೊಡಿ ಮಾರಾಯ್ರೆ, ಮುಂದೆ ಚೆಕಿಂಗ್ ಉಂಟಂತೆ.’ ಅದಕ್ಕೆ ಜಗಳ ಬೇಕಿಲ್ಲ. ‘ಮಿಕ್ಕಿದ್ದನ್ನು ಇಲ್ಲೇ ಇಳಿಸುವ, ಲೋಡರಿನವರಿಗೆ ನಾನು ಹೇಳ್ತೇನೆ. ಚೀಟಿ ಬದಲಿಸ್ಲಿಕ್ಕೆ ಆಗುದಿಲ್ಲ’ ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಲೋಡರ್ ಓಡಿಸುವವರಿಗೆ ಯಾವ ಗಾಡಿಗೆ ಎಷ್ಟು ಬಕೆಟ್ ಎಂದು ಮೊದಲೇ ಗೊತ್ತಿದ್ದರೆ ಈ ಮಾತಿಗೆ ಆಸ್ಪದವೇ ಕಡಿಮೆ. ಅವರ ಸ್ನೇಹ ಸಂಪಾದಿಸಿಕೊಳ್ಳಿ.

ಕ್ರಷರಿನಿಂದ ಹೊರಡುವ ಗಾಡಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಖನಿಜ ಸಾಗಣೆ ಪರವಾನಗಿ, ಅಂದರೆ ಎಲ್ಲರೂ ಎಂಡಿಪಿ ಎನ್ನುವ ಪತ್ರ ಬೇಕು. ಅದರಲ್ಲಿನ ಗಾಡಿ ನಂಬರು, ಸರಕು, ಪ್ರಮಾಣ, ಹೋಗುವ ಊರು ಇವು ನಮ್ಮ ಚೀಟಿಗೆ ಹೊಂದಬೇಕು. ಅದರ ಸಮಯದ ಮಿತಿಯೊಳಗೆ ಗಾಡಿ ತಲುಪುವಂತಿರಬೇಕು. ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಜಿಎಸ್‌ಟಿಯ ಸರಕು ಸಾಗಣೆ ಪತ್ರವಾದ ಇ-ವೇ ಬಿಲ್ ಬೇಕು. ಜಲ್ಲಿಯ ಲೋಡು ಆ ಮೊತ್ತ ಮುಟ್ಟುವುದು ಅಪರೂಪ, ಕಬ್ಬಿಣದ ಲೋಡು ಸುಲಭವಾಗಿ ದಾಟುತ್ತದೆ. ಇ-ವೇ ಬಿಲ್ಲಿನ ಅವಧಿ ಪ್ರತಿ 200 ಕಿಲೋಮೀಟರಿಗೆ ಒಂದು ದಿನ.

ಚೀಟಿ ಮೂರು ಪ್ರತಿ ಇರಲಿ: ಡ್ರೈವರಿಗೆ, ಗಿರಾಕಿಗೆ, ಕಡತಕ್ಕೆ. ಎರಡೂ ತೂಕಗಳ ಸಮಯ ಅದರಲ್ಲಿ ಕಾಣಬೇಕು, ಡ್ರೈವರಿನ ಸಹಿ ಬೀಳಬೇಕು. ತಪ್ಪು ಮುದ್ರಣವಾದ ಚೀಟಿಯನ್ನು ಹರಿದು ಬಿಸಾಡದೆ, ಮೂರು ಪ್ರತಿಗಳನ್ನೂ ಪಿನ್ ಮಾಡಿ ‘ರದ್ದು’ ಎಂದು ಬರೆದು ಅದೇ ಕ್ರಮಸಂಖ್ಯೆಯ ಜಾಗದಲ್ಲಿ ಇಡಬೇಕು. ಪಾಳಿ ಮುಗಿಸುವಾಗ ಮೊದಲ ತೂಕ ಮಾತ್ರ ಆಗಿ ಎರಡನೆಯದು ಬಾಕಿ ಉಳಿದ ಗಾಡಿಗಳ ಪಟ್ಟಿಯನ್ನು ತೆಗೆದು, ಪ್ರತಿಯೊಂದೂ ಯಾರ್ಡಿನ ಒಳಗೇ ಇದೆಯೇ ಎಂದು ಗೇಟಿನ ರಿಜಿಸ್ಟರಿನ ಜೊತೆ ತಾಳೆ ನೋಡಿ, ಮುಂದಿನ ಪಾಳಿಯವರ ಸಹಿ ಪಡೆದ ಮೇಲೆಯೇ ಕುರ್ಚಿ ಬಿಟ್ಟು ಏಳಬೇಕು.